ಕಪಿಲೆಗೆ ಸೇರಿದ ಬೂಟುಗಳು

ಬರಿಗಾಲು ಸ್ವಾಮಿಗಳು ತಾವು ವರ್ಷಕ್ಕೊಮ್ಮೆ ಹೇಳುವ ಕತೆಗೆ ಬಾ ಎಂದು ಕರೆಯಲು ಖುದ್ದಾಗಿ ಬಾವಿಯ ಹತ್ತಿರಕ್ಕೇ ಬಂದಾಗ ಆವಲಪ್ಪನ ಎದೆ ಧಸಕ್ಕೆಂದಿತು. ಎತ್ತುಗಳು ಇಳಿಜಾರಿನ ಕೊನೆ ಮುಟ್ಟಿದ್ದವು. ಮೇಲೆ, ಎತ್ತು ಎಳೆಯುವ ಕಪಿಲೆಯ ತೊಗಲಿನ ಬಾನಿಯಿಂದ ನೀರು ಧೋ ಎಂದು ತೊಟ್ಟಿಗೆ ಸುರಿಯುತ್ತಿತ್ತು. ಹಗ್ಗದ ಮೇಲೆ ಕೂತಿದ್ದ ಆವಲಪ್ಪ ಜಿಗಿದಿಳಿದು, ಇಳಿಜಾರನ್ನು ಓಡೋಡಿ ಹತ್ತಿ, ಬಾನಿಗೂ ಸ್ವಾಮಿಗಳಿಗೂ ನಡುವೆ ಅಡ್ಡ ನಿಂತುಕೊಂಡ.

“ಆವಲಪ್ಪಾ, ಈ ಸಾರಿ ಕತೆಗೆ ನೀನೂ ಬರಬೇಕು ಕಣಪ್ಪ,” ಅಂದರು ಸ್ವಾಮಿಗಳು.

“ರೇಷ್ಮೆಹುಳ ದೊಡ್ಡದಾಗೈತೆ ಸ್ವಾಮಿ. ಸೊಪ್ಪಿಗೆ ನೀರು ಕಟ್ಟಬೇಕು.”

“ಬೆಳಿಗ್ಗೇನೇ ಕಟ್ಟಿಬಿಡು. ಎತ್ತುಗಳೂ ಒಂದು ಮಧ್ಯಾಹ್ನ ಮಲಕ್ಕೊಳ್ಳಲಿ. ಜಗಲಿ ಕಂಬದ ಪಕ್ಕ ನಿನಗೇ ಅಂತ ಒಂದು ಜಾಗ ಇಟ್ಟಿರ್ತೀನಿ.”

ಅಷ್ಟು ಹೇಳಿ ಅವರು ಹೊರಟುಹೋದರು. ನಿನಗೇ ಅಂತ ಅಂದದ್ದು ಮಾತ್ರ ಅಂಗಾಲಲ್ಲಿ ಮುರಿದ ಜಾಲಿಮುಳ್ಳಿನ ಹಾಗೆ ಆವಲಪ್ಪನಲ್ಲೇ ಉಳಿಯಿತು.

ರಾಜ್ಯ ಒಂದಾದ ಮರುವರ್ಷದ ಮಾತು ಇದು. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಹೊಂಗೆತೋಪು, ತೋಪಿನ ಹಿಂದೆ ಹೆಂಚಿನ ಮನೆ, ಮನೆಯ ಹಿಂದೆ ಮೆಟ್ಟಿಲು ಬಾವಿ. ಕರೆಂಟಿನ ಪಂಪು ಆ ಕಡೆ ಇನ್ನೂ ಮುಖ ಹಾಕಿರಲಿಲ್ಲ. ಬರಿಗಾಲು ಸ್ವಾಮಿಗಳೆಂದು ಹೆಸರಾದ ಫಿಂಟನ್ ಪಾದ್ರಿಗಳು ದೊಡ್ಡ ಯುದ್ಧಕ್ಕೆ ಮುಂಚೆಯೇ ಐರ್ಲೆಂಡ್ ದೇಶದಿಂದ ಬಂದು ಅಲ್ಲಿ ನೆಲೆಯಾದವರು. ಅವರ ಮತದವರು ಊರಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ. ಮಿಕ್ಕವರಿಗೆಲ್ಲ ಅವರು ಜ್ವರಕ್ಕೆ ಗುಳಿಗೆ ಕೊಡುವ ಸ್ವಾಮಿ, ಮನೆಗೆ ಬೀಗ ಹಾಕದ ಸ್ವಾಮಿ, ಬೆಳಗಿನ ಚಳಿಯಲ್ಲಿ ಬಾವಿಗಿಳಿದು ಎದೆಮಟ್ಟದ ನೀರಿನಲ್ಲಿ ಎರಡೂ ಕೈ ಚಾಚಿ ನಿಂತು ಪ್ರಾರ್ಥನೆ ಹೇಳುವ ಸ್ವಾಮಿ. ಅವರ ದೇಶದ ಹಳೇ ಸನ್ಯಾಸಿಗಳು ಹೀಗೇ ಮಾಡುತ್ತಿದ್ದರಂತೆ. ಸಮುದ್ರದ ನಡುವಿನ ಬಂಡೆಯ ಮೇಲೆ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ, ರೇಷ್ಮೆಗೂಡಿನ ಹಾಗೆ ದುಂಡಗಿನ ಗುಡಿಸಲು ಕಟ್ಟಿಕೊಂಡು, ಒಳಗೆ ಒಬ್ಬೊಬ್ಬರೇ ಕೂರುತ್ತಿದ್ದರಂತೆ. ಇದನ್ನು ಕೇಳಿದ ಆವಲಪ್ಪನ ಹೆಂಡತಿ ಚಿಕ್ಕವೆಂಕಟಮ್ಮ, “ಅಂಗಾದ್ರೆ ನಮ್ಮ ಋಷಿಗಳ ಕಡೆಯೋರೇ ಬಿಡಿ. ದೂರದ ನೆಂಟರು,” ಎಂದು ಅವತ್ತೇ ತೀರ್ಮಾನ ಕೊಟ್ಟುಬಿಟ್ಟಿದ್ದಳು.

ಬಾವಿ ಸ್ವಾಮಿಗಳದು. ಪಕ್ಕದ ಹಿಪ್ಪುನೇರಳೆ ತೋಟ ಆವಲಪ್ಪನದು. ನನ್ನ ತರಕಾರಿ ಮಡಿಗೆ ನೀರು ಹಾಯಿಸಿ ಮಿಕ್ಕಿದ್ದನ್ನು ನಿನ್ನ ತೋಟಕ್ಕೆ ತಿರುಗಿಸಿಕೋ ಎಂದು ಸ್ವಾಮಿಗಳು ಎಂದೋ ಬಾಯಿಮಾತಲ್ಲಿ ಹೇಳಿದ್ದರು. ಆವಲಪ್ಪನ ಸೊಪ್ಪು, ಹುಳು, ಸಂಸಾರ ಎಲ್ಲ ನಿಂತದ್ದು ಆ ಒಂದು ಬಾಯಿಮಾತಿನ ಮೇಲೆ.

ಇನ್ನು ಸ್ವಾಮಿಗಳ ಮನೆಯಲ್ಲಿ ಸಾಮಾನು ಅನ್ನುವಂಥದ್ದು ಏನಿತ್ತು? ಒಂದು ಮಂಚ, ಒಂದು ಶಿಲುಬೆ, ಗುಳಿಗೆಗಳ ಡಬ್ಬ. ಮತ್ತೆ ಮಂಚದ ಕೆಳಗೆ ಒಂದು ಜೊತೆ ಬೂಟು. ಮೊಣಕಾಲಿನವರೆಗೆ ಬರುವಂಥ ಕಂದು ತೊಗಲಿನ ಬೂಟು. ಬರಿಗಾಲಲ್ಲಿ ಊರೂರು ತಿರುಗುವ ಮನುಷ್ಯ ಅದನ್ನು ಹಾಕಿಕೊಂಡದ್ದನ್ನು ಯಾರೂ ಕಂಡವರಿಲ್ಲ. ಆದರೆ ಪ್ರತಿ ಭಾನುವಾರ ಹೊರಗೆ ತಂದು, ಎಣ್ಣೆ ಸವರಿ, ಬಿಸಿಲಿಗಿಟ್ಟು, ಸಂಜೆ ಮತ್ತೆ ಒಳಗಿಡುತ್ತಿದ್ದರು. ರಸ್ತೆಯಂಚಿನ ಮನೆಯ ಖತೀಜಾ ಬೀ ಒಮ್ಮೆ ಕೇಳಿಯೂ ಬಿಟ್ಟಿದ್ದಳು.

“ಯಾಕೆ ಪಾದ್ರಿ ಸಾಬ್, ಹಾಕ್ಕೊಳ್ಳಲ್ಲ, ಬಿಸಾಕಲ್ಲ. ಮದುವೆ ಹುಡುಗನಿಗೆ ಹಚ್ಚೋ ಹಂಗೆ ಎಣ್ಣೆ ಹಚ್ತೀರಲ್ಲ.”

ಸ್ವಾಮಿಗಳು ನಕ್ಕು ಎಣ್ಣೆಯ ಶೀಶೆ ಮುಚ್ಚಿದ್ದರು.

ಆ ಬೂಟುಗಳನ್ನು ತೆಗೆದವನು ಆವಲಪ್ಪ.

ಕದಿಯಬೇಕೆಂದು ಹೋದವನಲ್ಲ ಪಾಪ. ಸ್ವಾಮಿಗಳು ಧ್ಯಾನಕ್ಕೆಂದು ಬೆಂಗಳೂರಿಗೆ ಹೋಗಿದ್ದಾಗ ಬಾನಿಯ ತಳಕ್ಕೆ ಹೊಂದಿಕೊಂಡ ತೊಗಲಿನ ಕೊಳವೆ ಉದ್ದಕ್ಕೂ ಸೀಳಿಹೋಯಿತು. ಎತ್ತು ಎಳೆದ ನೀರೆಲ್ಲ ತೊಟ್ಟಿ ಮುಟ್ಟುವ ಮುಂಚೆ ಬಾವಿಗೇ ವಾಪಸು. ತೊಗಲು ಹೊಲಿಯುವ ಬಯ್ಯಪ್ಪ ಮಗಳ ಮದುವೆಗೆಂದು ಚೇಳೂರಿನ ಕಡೆ ಹೋಗಿಬಿಟ್ಟಿದ್ದ. ಮನೆಯಲ್ಲಿ ನೋಡಿದರೆ ಹುಳುಗಳು ಜ್ವರಕ್ಕೆ ಕೂತಿದ್ದವು. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಮಿಸುಕಾಡದೆ ಕೂತುಬಿಡುತ್ತದೆ. ಆ ಸೀಮೆಯವರು ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರ ಬಿಟ್ಟು ಎದ್ದಿತೋ, ಅದರ ಹಸಿವಿಗೆ ಅಡ್ಡ ಇಲ್ಲ. ತೋಟದಲ್ಲಿ ಸೊಪ್ಪು ಆಗಲೇ ಅಂಚು ಮುದುರಿಕೊಳ್ಳುತ್ತಿತ್ತು.

ಗೋಣಿ ಹೊಲಿಯುವ ದಬ್ಬಳ ಕೈಯಲ್ಲಿ ಹಿಡಿದು, ಎಲ್ಲಾದರೂ ಒಂದು ತುಂಡು ತೊಗಲು ಸಿಕ್ಕೀತೇ ಎಂದು ತಿರುಗುತ್ತಾ ತಿರುಗುತ್ತಾ ಆವಲಪ್ಪ ಆ ಬೀಗವಿಲ್ಲದ ಮನೆಯ ಮಂಚದ ಕೆಳಗೆ ಕೈ ಹಾಕಿದ. ವರ್ಷಗಟ್ಟಲೆ ಎಣ್ಣೆ ಕುಡಿದ ತೊಗಲು ಬೆಣ್ಣೆಯ ಹಾಗೆ ಮಣಿಯಿತು. ಬೂಟಿನ ಮೇಲ್ಭಾಗವನ್ನಷ್ಟೂ ಕುಯ್ದು ಕೊಳವೆಗೆ ಹೊಲಿದುಬಿಟ್ಟ. ಉಳಿದ ಪಾದದ ಭಾಗಗಳನ್ನು ಹುಲ್ಲಿನ ಬಣವೆಯೊಳಗೆ ತುರುಕಿದ. ಸ್ವಾಮಿಗಳು ಬಂದ ತಕ್ಷಣ ಹೇಳಿದರಾಯಿತು ಅಂದುಕೊಂಡ. ಕೇಳಿದ ಹೆಂಡತಿಗೆ, ತೊಗಲು ಸಂತೆಯಲ್ಲಿ ಸಿಕ್ಕಿತು ಅಂದ.

ಸ್ವಾಮಿಗಳು ಬಂದರು. ಇವನಿಗೆ ಬಾಯಿ ಬರಲಿಲ್ಲ. ಭಾನುವಾರ ಎಣ್ಣೆಯ ಶೀಶೆ ಹಿಡಿದು ಮಂಚದ ಕೆಳಗೆ ಬಗ್ಗಿದರು. ಬದನೆ ಮಡಿಯಲ್ಲಿ ಕಳೆ ಕೀಳುತ್ತಿದ್ದ ಆವಲಪ್ಪ ತೆರೆದ ಬಾಗಿಲಲ್ಲಿ ಎಲ್ಲವನ್ನೂ ನೋಡಿದ. ಬಗ್ಗಿದವರು ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಎದ್ದು, ಶೀಶೆಯನ್ನು ಗೂಡಿನಲ್ಲಿಟ್ಟು, ಹೊರಗೆ ಬಂದು, “ಬದನೆ ಚೆನ್ನಾಗಿ ಬಂದಿದೆಯಲ್ಲ,” ಅಂದರು. ಅಷ್ಟೇ.

ಕೂಗಾಡಿದ್ದರೆ ಕಾಲಿಗೆ ಬಿದ್ದುಬಿಡುತ್ತಿದ್ದ. ಕೇಳದೇ ಹೋದದ್ದು ಕಷ್ಟವಾಯಿತು. ಮುದ್ದೆ ಗಂಟಲಲ್ಲಿ ಇಳಿಯದಾಯಿತು. ಕಳ್ಳ ಅನ್ನಿಸಿಕೊಂಡ ಮೇಲೆ ಬಾವಿಯ ನೀರು ಕೇಳಲು ಯಾವ ಮುಖ ಇದ್ದೀತು? ಹುಳುಗಳು ಕಡೇ ಜ್ವರವನ್ನೂ ಕಳೆದು ಗಬಗಬ ತಿನ್ನುತ್ತಿದ್ದವು. ಈ ಹೊತ್ತಲ್ಲಿ ನೀರು ನಿಂತರೆ ತಟ್ಟೆಗಟ್ಟಲೆ ಹುಳುವನ್ನು ತಿಪ್ಪೆಗೆ ಸುರಿಯಬೇಕಾಗುತ್ತದೆ. ಇದರ ಮೇಲೆ, ಗೂಡು ಕೊಳ್ಳುವ ಉಸ್ಮಾನ್ ಸಾಬ್, ಖತೀಜಾ ಬೀಯ ಗಂಡ, ಸ್ವಾಮಿಗಳು ಕರೆಯಲು ಬರುವ ಹಿಂದಿನ ದಿನ ಬೆಳೆ ನೋಡಲು ಬಂದವನು ಕಪಿಲೆಯ ಮುಂದೆ ನಿಂತು, “ಏನಪ್ಪಾ, ಕೊಳವೆಗೆ ವಿಲಾಯತಿ ಮಾಲು ಹಾಕ್ಸಿದೀಯ,” ಎಂದು ಹೋಗಿದ್ದ. ಅವತ್ತಿನಿಂದ ಆವಲಪ್ಪನಿಗೆ ನಿದ್ದೆಯೂ ಕೆಟ್ಟಿತು.

ಕತೆಯ ದಿನ ಬಂತು. ಸ್ವಾಮಿಗಳ ಉಪವಾಸದ ಕಾಲ ಶುರುವಾಗುವ ಹಿಂದಿನ ಮಧ್ಯಾಹ್ನ ಅದು. ಅವರ ದೇಶದ ಒಬ್ಬ ಹಳೇ ಸಂತನ ನೆನಪಿಗೆ ವರ್ಷಕ್ಕೊಮ್ಮೆ ಜಗಲಿಯ ಮೇಲೆ ಕತೆ, ಕಡಲೆಪುರಿ, ಬೆಲ್ಲ. ಊರಿಗೆ ಊರೇ ಸೇರುತ್ತಿತ್ತು. ಮಧ್ಯಾಹ್ನವೆಲ್ಲ ಕಪಿಲೆ ಹೊಡೆಯುವ ಆವಲಪ್ಪ ಒಬ್ಬ ಮಾತ್ರ ಇದುವರೆಗೆ ಹೋದವನಲ್ಲ. ಈಗ ಕಂಬಕ್ಕೆ ಒರಗಿ, ಮೊಣಕಾಲು ಅಪ್ಪಿಕೊಂಡು ಕೂತ. ಚಿಕ್ಕವೆಂಕಟಮ್ಮ ಎದುರಿಗೇ ಕೂತು ಇವನನ್ನು ನೋಡಿ ನೋಡಿ ನಗುತ್ತಿದ್ದಳು. ಯಾಕೆ ನಗುತ್ತಾಳೋ ತಿಳಿಯಲಿಲ್ಲ.

“ಕೀರಾನ್ ಅಂತ ಒಬ್ಬರಿದ್ದರು,” ಎಂದು ಸ್ವಾಮಿಗಳು ಶುರುಮಾಡಿದರು.

“ಕೀರಪ್ಪ ಅನ್ನಿ, ನಮಗೆ ಬಾಯಿ ತಿರುಗಲ್ಲ,” ಅಂದಳು ಖತೀಜಾ ಬೀ.

“ಆಗಲಿ, ಕೀರಪ್ಪ. ಒಬ್ಬರೇ ಕಾಡಿಗೆ ಹೋದರು. ಮರದ ಕೆಳಗೆ ಕೂತರು. ಅಲ್ಲೊಂದು ಕಾಡುಹಂದಿ. ಇವರನ್ನು ಕಂಡು ಮೊದಲು ಓಡಿಹೋಯಿತು. ಆಮೇಲೆ ಏನನ್ನಿಸಿತೋ, ತಿರುಗಿ ಬಂದು, ಹಲ್ಲಿನಲ್ಲಿ ಕಡ್ಡಿ ಕಡಿದು, ಹುಲ್ಲು ಕಡಿದು ಗುಡಿಸಲಿಗೆ ತಂದುಕೊಟ್ಟಿತು. ಅದೇ ಅವರ ಮೊದಲನೇ ಶಿಷ್ಯ. ಹಿಂದೇನೇ ತೋಳ ಬಂತು, ಜಿಂಕೆ ಬಂತು, ನರಿ ಬಂತು. ಮತ್ತೆ ಮಣ್ಣು ತೋಡೋ ಒಂದು ಪ್ರಾಣಿ, ಮೂತಿ ಮೇಲೆ ಬಿಳೀ ಪಟ್ಟೆ. ಅದಕ್ಕೆ ನಿಮ್ಮಲ್ಲಿ ಹೆಸರಿಲ್ಲ...”

“ಮುಳ್ಳುಹಂದಿ ಅಂತ ಇಟ್ಕೊಳ್ಳಣ ಅಂತ ಆಗಲೇ ತೀರ್ಮಾನ ಆಗೈತಲ್ಲ ಪಾದ್ರಿ ಸಾಬ್.”

ಯಾವಾಗ ತೀರ್ಮಾನ ಆಯಿತು? ಆವಲಪ್ಪನ ಬೆನ್ನು ನೆಟ್ಟಗಾಯಿತು. ನಾನಿಲ್ಲದಾಗ ಇವರೆಲ್ಲ ಕೂತು ಮೊದಲೇ ಮಾತಾಡಿಕೊಂಡಿದ್ದಾರೆ ಹಾಗಾದರೆ. ಅತ್ತೆಯಾದವಳು ಬೆಕ್ಕಿಗೆ ಬೈದು ಸೊಸೆಗೆ ಮುಟ್ಟಿಸುವುದನ್ನು ಅವನು ಕಾಣದವನೇ?

“ಎಲ್ಲರೂ ಒಂದೇ ಮಠದವರ ಹಾಗೆ ಇದ್ದರು. ಸೊಪ್ಪು ತಿಂದು, ನೀರು ಕುಡಿದು, ಹೊತ್ತಿಗೆ ಸರಿಯಾಗಿ ಪ್ರಾರ್ಥನೆಗೆ ಕೂತು. ಆದರೆ ನರಿಗೆ ಒಂದು ದಿನ...”

“ಬಂತು, ಬಂತು,” ಎಂದು ಚಿಕ್ಕವೆಂಕಟಮ್ಮ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಜರುಗಿದಳು.

“...ತೊಗಲಿನ ಆಸೆ ಹುಟ್ಟಿತು. ಗುರುಗಳು ಪಾದರಕ್ಷೆ ಬಿಟ್ಟು ಪ್ರಾರ್ಥನೆಗೆ ಹೋದದ್ದೇ ತಡ, ಎರಡನ್ನೂ ಬಾಯಲ್ಲಿ ಕಚ್ಚಿಕೊಂಡು ಕಾಡಿನ ಹಳೇ ಗವಿಗೆ ಓಡಿಬಿಟ್ಟಿತು.”

ಆವಲಪ್ಪನ ಕಿವಿಯಲ್ಲಿ ಗುಂಯ್ ಎಂದಿತು. ಪಾದರಕ್ಷೆ ಅಂದರು. ತೊಗಲು ಅಂದರು. ಬಿಟ್ಟು ಹೋಗಿದ್ದಾಗ ಅಂದರು. ಇನ್ನು ಹೆಸರೊಂದು ಹಿಡಿದು ಕೂಗುವುದು ಬಾಕಿ.

“ಈಗ ನೋಡ್ರಿ ಮಜಾ,” ಎಂದು ಉಸ್ಮಾನ್ ಸಾಬ್ ಪುರಿಯ ಮೊರವನ್ನು ಆವಲಪ್ಪನ ಕಡೆ ತಳ್ಳಿದ. “ಸಿಕ್ಕಿಬೀಳ್ತಾನೆ ಕಳ್ಳ. ತಗೊಳಪ್ಪಾ ಆವಲಪ್ಪ, ಯಾಕೆ ಹಂಗೆ ಬೆವರ್ತೀಯ?”

ಇವನೇ ಮುಳ್ಳುಹಂದಿ, ಅಂದುಕೊಂಡ ಆವಲಪ್ಪ. ವಿಲಾಯತಿ ಮಾಲು ಅಂದಿದ್ದನಲ್ಲ.

“ಗುರುಗಳು ಮುಳ್ಳುಹಂದಿಯನ್ನ ಕಳಿಸಿದರು. ಅದಕ್ಕೆ ಕಾಡಿನ ಎಲ್ಲಾ ದಾರಿನೂ ಗೊತ್ತು. ನೆಟ್ಟಗೆ ಗವಿಗೆ ಹೋಗಿ, ನರಿಯ ಕಿವಿ ಹಿಡಿದು ಎಳಕೊಂಡು ಬಂತು.”

ಆವಲಪ್ಪನ ಕೈ ತಾನಾಗಿ ಕಿವಿಗೆ ಹೋಯಿತು. ಜಗಲಿಯೆಲ್ಲ ಗೊಳ್ಳೆಂದಿತು.

“ನರಿ ತಲೆ ತಗ್ಗಿಸಿಕೊಂಡು ನಿಂತಿತು. ಗುರುಗಳು ಕೋಲು ಎತ್ತಲಿಲ್ಲ. ಮೆತ್ತಗೆ ಕೇಳಿದರು: ‘ಯಾಕೆ ತಮ್ಮಾ ಹೀಗೆ ಮಾಡಿದೆ? ಇಲ್ಲಿ ನೀರು ಎಲ್ಲರದು. ಅನ್ನ ಎಲ್ಲರದು. ನಿನಗೆ ಬೇಕಾದದ್ದು ಕೇಳಿದ್ದರೆ, ದೇವರು ಮರದ ತೊಗಟೆಯನ್ನಾದರೂ ತೊಗಲು ಮಾಡಿ ಕೊಡ್ತಿದ್ದ. ಯಾಕೆ ಕೇಳಲಿಲ್ಲ?’”

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿ ಎಲ್ಲರ ಮುಖವನ್ನೂ ನೋಡಿದರು. ಕತೆ ಹೇಳುವವರು ಹಾಗೆ ನಿಲ್ಲಿಸುವುದುಂಟು. ಆದರೆ ಆ ಕಣ್ಣು ಬಂದು ತನ್ನ ಮೇಲೇ ನಿಂತಿತು ಎಂದು ಆವಲಪ್ಪನಿಗೆ ಅನ್ನಿಸಿತು. ಕಂಬ ಹಿಡಿದುಕೊಂಡು ಎದ್ದು ನಿಂತ.

“ಹುಳ ಜ್ವರದಿಂದ ಏಳೋ ಹೊತ್ತಾಗಿತ್ತು ಸ್ವಾಮಿ,” ಅಂದ. “ಸೊಪ್ಪೆಲ್ಲ ಬಾಡ್ತಿತ್ತು. ಕೇಳಣ ಅಂದ್ರೆ ತಾವು ಊರಲ್ಲಿರಲಿಲ್ಲ. ಬಂದ ಮೇಲೆ ನಂಗೆ ಬಾಯಿ ಬರಲಿಲ್ಲ.”

ಜಗಲಿಯ ಮೇಲಿದ್ದವರೆಲ್ಲ ಇವನ ಕಡೆ ತಿರುಗಿದರು. ಮೊದಲು ಬಾಯಿ ಬಿಟ್ಟವಳು ಖತೀಜಾ ಬೀ.

“ಅರೆ, ಈ ನರಿ ಹುಳಾನೂ ಸಾಕ್ತದಾ?”

“ಐರ್ಲೆಂಡಿನ ನರಿ ಅಲ್ಲ ಕಣೇ. ಶಿಡ್ಲಘಟ್ಟದ್ದು,” ಅಂದ ಉಸ್ಮಾನ್ ಸಾಬ್. “ಗೂಡು ಆದ್ಮೇಲೆ ಬೇರೆ ಯಾರಿಗೂ ಕೊಡಬೇಡ್ರೀ ನರಿಯಣ್ಣ, ನಾನೇ ತಗೊಳ್ತೀನಿ.”

ನಗು ತಡೆಯದೆ ಮುದುಕರು ಕೆಮ್ಮಿಗೆ ಬಿದ್ದರು. ಚಿಕ್ಕವೆಂಕಟಮ್ಮನಿಗೆ ನಾಚಿಕೆಯೋ ಹೆಮ್ಮೆಯೋ, “ನಮ್ಮೆಜಮಾನ್ರು ನಾಟಕಾನೂ ಕಟ್ತಾರೆ ಅಂತ ನಂಗೇ ಗೊತ್ತಿರಲಿಲ್ಲ ಕಣಮ್ಮ,” ಎಂದು ಪಕ್ಕದವಳಿಗೆ ಹೇಳಿದಳು.

ಸ್ವಾಮಿಗಳು ಮಾತ್ರ ನಗಲಿಲ್ಲ. ಅವರ ಕಣ್ಣು ಆವಲಪ್ಪನಿಂದ ಒಳಗಿನ ಮಂಚಕ್ಕೆ ಹೋಯಿತು, ಮಂಚದಿಂದ ಹಿತ್ತಲಿನ ಬಾವಿಯ ಕಡೆಗೆ ಹೋಯಿತು, ಅಲ್ಲಿಂದ ಮೆಲ್ಲಗೆ ಆವಲಪ್ಪನ ಹತ್ತಿರಕ್ಕೇ ಬಂತು. ಹುಬ್ಬು ಮೇಲೇರಿ ಇಳಿಯಿತು. ಈ ಮನುಷ್ಯನಿಗೆ ಇದುವರೆಗೂ ಗೊತ್ತಿರಲಿಲ್ಲ, ಈಗ ಈ ಗಳಿಗೆಯಲ್ಲಿ ಗೊತ್ತಾಗುತ್ತಿದೆ ಎಂಬುದು ಆವಲಪ್ಪನಿಗೆ ಹೊಳೆಯಿತು.

“ಆಗ ಕೀರಪ್ಪ ಸ್ವಾಮಿಗಳು ಏನಂದರು ಗೊತ್ತಾ?” ಸ್ವಾಮಿಗಳು ಮತ್ತೆ ಜನರ ಕಡೆ ತಿರುಗಿದರು. “‘ಕೂತ್ಕೋ ತಮ್ಮಾ. ಊಟದ ಹೊತ್ತಾಯಿತು’ ಅಂದರು. ಅಲ್ಲಿಗೆ ಕತೆ ಮುಗೀತು.”

“ಅದೆಂಗೆ ಮುಗೀತದೆ?” ಎಂದು ಚಿಕ್ಕವೆಂಕಟಮ್ಮ ತಕರಾರು ತೆಗೆದಳು. “ಹೋದ ವರ್ಷ ನರಿಗೆ ಉಪವಾಸ ಹಾಕಿಸಿದ್ರಲ್ಲ? ಅಪ್ಪಣೆ ಆಗೋವರೆಗೂ ಒಂದಗುಳೂ ಮುಟ್ಟಲಿಲ್ಲ ಅಂತ.”

“ಈ ವರ್ಷದ ನರಿ ಉಪವಾಸ ಮಾಡಿಯೇ ಬಂದಿದೆಯಮ್ಮ. ಅದರ ಮುಖ ನೋಡಿದ್ರೆ ತಿಳಿಯಲ್ವಾ?”

ಜನ ಪುರಿ ಕಟ್ಟಿಕೊಂಡು ಎದ್ದರು. ಆವಲಪ್ಪ ಹೆಂಡತಿಯ ಹಿಂದೆಯೇ ಮೆಟ್ಟಿಲಿಳಿದು, ಹೊಂಗೆಮರದ ಹತ್ತಿರ ಅವಳನ್ನು ನಿಲ್ಲಿಸಿಕೊಂಡ.

“ಹೋದ ವರ್ಷ ಅಂದ್ಯಲ್ಲೇ. ಹೋದ ವರ್ಷಾನೂ ಇದೇ ಕತೇನಾ?”

“ವರ್ಷಾ ವರ್ಷಾ ಇದೇ ಕತೆ ಕಣಯ್ಯ. ಅವರ ಹತ್ರ ಇನ್ನೊಂದು ಇದ್ರೆ ತಾನೇ ಹೇಳೋದು. ನಮಗೆಲ್ಲ ಬಾಯಿಪಾಠ ಆಗೋಗೈತೆ.”

“ಮತ್ತೆ ಬಾವಿ ಹತ್ರ ಬಂದು ನನ್ನೊಬ್ಬನ್ನೇ ಕರೆದದ್ದು?”

“ನಾನೇ ಹೇಳಿ ಕರೆಸಿದ್ದು. ಮುದ್ದೆ ಮುಟ್ಟಲ್ಲ, ಮಾತಾಡಲ್ಲ, ಎತ್ತಿಗಿಂತ ಕಡೆಯಾಗವನೆ, ಒಂದಿನ ಕರೆದು ಕೂರಿಸಿ ನಗಿಸಿ ಸ್ವಾಮಿ ಅಂತ. ನೀನು ನೋಡಿದ್ರೆ ಊರನ್ನೇ ನಗಿಸಿಬಿಟ್ಟೆ.”

ಆವಲಪ್ಪ ನೆಟ್ಟಗೆ ಬಣವೆಗೆ ಹೋಗಿ, ತುರುಕಿಟ್ಟಿದ್ದ ಬೂಟಿನ ಪಾದಗಳನ್ನು ಎಳೆದು, ಹುಲ್ಲು ಕೊಡವಿ, ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ಬಾವಿಯ ಹತ್ತಿರ ಬಂದ. ಸ್ವಾಮಿಗಳು ಮೊದಲೇ ಅಲ್ಲಿದ್ದರು. ಕುಕ್ಕುರುಗಾಲಲ್ಲಿ ಕೂತು, ಬಾನಿಯ ಕೊಳವೆಯನ್ನು ತೊಡೆಯ ಮೇಲೆಳೆದುಕೊಂಡು, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು.

“ಗಟ್ಟಿಯಾಗಿ ಹೊಲಿದಿದೀಯ.”

“ತಪ್ಪಾಯ್ತು ಸ್ವಾಮಿ. ನಾಳೆಯಿಂದ ಬಾವಿ ಬಿಡು ಅಂದ್ರೂ ಬಿಡ್ತೀನಿ. ಹುಳ ಹಣ್ಣಾಗಿ ಗೂಡು ಕಟ್ಟೋವರೆಗೆ ಮಾತ್ರ...”

“ಕೂತ್ಕೋ ಅಂತ ಆಗಲೇ ಹೇಳಿದೀನಲ್ಲ.”

ಆವಲಪ್ಪ ಕೂತ. ಸ್ವಾಮಿಗಳು ಕೊಳವೆಯನ್ನು ಕೆಳಗಿಡಲಿಲ್ಲ.

“ನಮ್ಮೂರಲ್ಲಿ ಮಳೆ, ಕೆಸರು. ಈ ಬೂಟು ಹಾಕ್ಕೊಂಡೇ ಮನೆ ಬಿಟ್ಟದ್ದು. ಹಡಗಿನವರೆಗೂ ನಮ್ಮಣ್ಣ ಜೊತೆಗೆ ನಡ್ಕೊಂಡು ಬಂದ. ‘ಬೂಟು ಜೋಪಾನ ಕಣೋ, ವಾಪಸು ಬರೋವಾಗ ಬೇಕಾಗುತ್ತೆ’ ಅಂದ.” ಹೊಲಿಗೆಯನ್ನು ಮತ್ತೊಮ್ಮೆ ಸವರಿದರು. “ನಮ್ಮ ಹಳೇ ಸನ್ಯಾಸಿಗಳು ಏನು ಮಾಡ್ತಿದ್ರು ಗೊತ್ತಾ ಆವಲಪ್ಪ? ತೊಗಲು ಹೊಲಿದು ದೋಣಿ ಮಾಡ್ಕೊಂಡು, ನಡೆಸೋಕೆ ಹುಟ್ಟು ಇಲ್ಲದೇನೇ ಸಮುದ್ರಕ್ಕೆ ಇಳೀತಿದ್ರು. ದೇವರು ಯಾವ ದಡಕ್ಕೆ ಮುಟ್ಟಿಸ್ತಾನೋ ಅದೇ ನಮ್ಮೂರು ಅಂತ. ನಾನೂ ಅವರ ಹಾಗೇ ಅಂತ ಹೇಳ್ಕೊಂಡು ಇಲ್ಲಿಗೆ ಬಂದೆ. ಆದರೆ ವಾಪಸು ಹೋಗೋ ಹುಟ್ಟನ್ನ ಮಂಚದ ಕೆಳಗೆ ಇಟ್ಕೊಂಡು, ಭಾನುವಾರ ಭಾನುವಾರ ಎಣ್ಣೆ ಹಚ್ತಿದ್ದೆ.”

“ಕಾಣದೇ ಹೋದಾಗ ಸಿಟ್ಟು ಬರಲಿಲ್ವಾ ಸ್ವಾಮಿ?”

“ಅಳು ಬಂತು. ಆಮೇಲೆ ಅವತ್ತೇ ಒಳ್ಳೇ ನಿದ್ದೆ ಬಂತು. ಅಷ್ಟು ನಿದ್ದೆ ಇಲ್ಲಿಗೆ ಬಂದಾಗಿನಿಂದ ಮಾಡಿರಲಿಲ್ಲ.” ಸ್ವಾಮಿಗಳು ತಲೆ ಎತ್ತಿದರು. “ಅದಕ್ಕೇ ಯಾರನ್ನೂ ಕೇಳಲಿಲ್ಲ. ಕೇಳಿದ್ರೆ ಯಾರಾದ್ರೂ ಒಳ್ಳೆಯವರು ಹುಡುಕಿ ತಂದುಕೊಟ್ಟುಬಿಡ್ತಾರೇನೋ ಅಂತ ಭಯ.”

ಆವಲಪ್ಪ ಅವರ ಮುಖವನ್ನೇ ನೋಡಿದ. ಇಷ್ಟು ದಿನ ತಾನು ಬದನೆ ಮಡಿಯಿಂದ ಕದ್ದು ಕದ್ದು ನೋಡಿ ಹೆದರಿದ್ದ ಮುಖ ಇದೇ. ಮೊದಲು ಉಸಿರು ಬಂತು, ಉಸಿರಿನ ಹಿಂದೆ ನಗು ಬಂತು. ಇಬ್ಬರೂ ಬಾವಿಯ ಕಟ್ಟೆಯ ಮೇಲೆ ಕೂತು, ಯಾರಿಗೆ ಯಾರು ಹೆದರಿದ್ದರೋ ನೆನೆನೆನೆದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

“ಇವು ಉಳಿದವೆ ಸ್ವಾಮಿ,” ಎಂದು ಆವಲಪ್ಪ ಕಂಕುಳಲ್ಲಿದ್ದ ಪಾದಗಳನ್ನು ಮುಂದಿಟ್ಟ.

ಸ್ವಾಮಿಗಳು ಬಿರುಕುಬಿಟ್ಟ ಹಿಮ್ಮಡಿಗಳನ್ನು ಒಂದೊಂದಾಗಿ ಒಳಗೆ ತೂರಿಸಿ ಎದ್ದು ನಿಂತರು. ಕಣಕಾಲಿನ ಹತ್ತಿರ ಅಂಚು ಹರಕು ಮುರುಕಾಗಿತ್ತು. ತೊಟ್ಟಿಯವರೆಗೆ ನಡೆದು ನೋಡಿದರು, ತಿರುಗಿ ಬಂದರು.

“ಇದರಲ್ಲಿ ಐರ್ಲೆಂಡಿಗೆ ಹೋಗಕ್ಕಾಗಲ್ಲ,” ಅಂದರು. “ನಿನ್ನ ತೋಟಕ್ಕೆ ಬರೋಕೆ ಸಾಕು.”

ಎತ್ತುಗಳನ್ನು ಹೂಡಿ ಆವಲಪ್ಪ ಇಳಿಜಾರಿಗೆ ಇಳಿದ. ಬಾನಿ ಮುಳುಗಿ, ತುಂಬಿ, ಮೇಲೆ ಬಂದು ಸುರಿಯಿತು. ಹೊಲಿಗೆಯಲ್ಲಿ ಒಂದು ಹನಿಯೂ ಸೋರಲಿಲ್ಲ. ಕಾಲುವೆಯ ನೀರು ಬದನೆ ಮಡಿಯನ್ನು ದಾಟಿ ಹಿಪ್ಪುನೇರಳೆಯ ಬುಡಕ್ಕೆ ತಿರುಗಿತು. ಸೊಪ್ಪು ಕುಯ್ಯಲು ಕುಕ್ಕೆ ಹಿಡಿದು ಬಂದ ಚಿಕ್ಕವೆಂಕಟಮ್ಮ, ಸ್ವಾಮಿಗಳ ಕಾಲನ್ನೂ ಕಪಿಲೆಯ ಕೊಳವೆಯನ್ನೂ ಒಂದರ ಹಿಂದೆ ಒಂದರಂತೆ ನೋಡಿ, ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟಳು.

“ಆಮೇಲೆ ಬೈಯೋವಂತೆ ಕಣೇ,” ಎಂದು ಆವಲಪ್ಪ ಹಗ್ಗದ ಮೇಲಿಂದಲೇ ಕೂಗಿದ. “ಮೊದಲು ಹೇಳು, ಮಧ್ಯಾಹ್ನದ ಮುದ್ದೆ ಏನಾದ್ರೂ ಉಳಿದೈತಾ?”